ಸಬ್ಬತ್ತಿನ ಬೀದಿಯಲ್ಲಿ ಮಗುವಿನ ಗಾಡಿ: ಯಹೂದಿ ಧರ್ಮಶಾಸ್ತ್ರದ ಒಂದು ವಿಚಾರ

ಹಸುಗೂಸಿಗೆ ಪ್ರ್ಯಾಮ್ ಕೊಳ್ಳುವ ತಂದೆತಾಯಿಗಳು ಸಾಮಾನ್ಯವಾಗಿ ನೋಡುವುದು ಬೆಲೆಯನ್ನು, ತೂಕವನ್ನು, ಗಾಲಿಗಳ ಗಟ್ಟಿತನವನ್ನು, ಮಡಚಿಡುವ ಸೌಕರ್ಯವನ್ನು. ಸಂಪ್ರದಾಯನಿಷ್ಠ ಯಹೂದಿ ಕುಟುಂಬಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ವಿಚಾರವೂ ಸೇರಿಕೊಳ್ಳುತ್ತದೆ: ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಇರುಳು ಕವಿಯುವವರೆಗಿನ ಸಬ್ಬತ್ ಎಂಬ ವಿಶ್ರಾಂತಿಯ ದಿನದಲ್ಲಿ ಈ ಗಾಡಿಯನ್ನು ಬೀದಿಗೆ ತರಬಹುದೇ, ತಂದರೆ ಅದರ ಮೇಲ್ಛಾವಣಿಯನ್ನು ಬಿಚ್ಚಬಹುದೇ, ಮಡಚಿದ್ದನ್ನು ತೆರೆಯಬಹುದೇ ಎಂಬ ವಿಚಾರ. ಹೊರಗಿನವರಿಗೆ ಕ್ಷುಲ್ಲಕವೆಂದು ತೋರುವ ಈ ಪ್ರಶ್ನೆಗಳ ತಳದಲ್ಲಿ ಮಗು ಹೊರೆಯೋ ಅಲ್ಲವೋ, ದೈವಾಜ್ಞೆಯ ಕಟ್ಟನ್ನು ಮನುಷ್ಯರ ಪರಸ್ಪರ ಒಪ್ಪಿಗೆ ಎಷ್ಟರಮಟ್ಟಿಗೆ ಸಡಿಲಿಸಬಲ್ಲದು ಎಂಬ ಎರಡು ಗಂಭೀರ ಜಿಜ್ಞಾಸೆಗಳಿವೆ.

ಸಬ್ಬತ್ತಿನಂದು ಹೊರೆ ಹೊರಬಾರದೆಂಬ ಮಾತು ಯೆರೆಮೀಯನ ಪ್ರವಾದನ ಗ್ರಂಥದ 17ನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿಯೇ ಬರುತ್ತದೆ. ಸುಮಾರು ಕ್ರಿ.ಶ. 200ರ ಹೊತ್ತಿಗೆ ರಬ್ಬಿ ಯೆಹೂದಾ ಹನಾಸಿ ಸಂಕಲಿಸಿದ ಮಿಶ್ನಾ ಎಂಬ ಧರ್ಮಸಂಹಿತೆ ಆ ದಿನ ನಿಷಿದ್ಧವಾದ ಕೆಲಸಗಳನ್ನು 39 ಮೂಲವರ್ಗಗಳಾಗಿ ವಿಂಗಡಿಸುತ್ತದೆ. ಬಿತ್ತುವುದು, ಉಳುವುದು, ಕೊಯ್ಯುವುದು ಮುಂತಾಗಿ ಸಾಗುವ ಈ ಪಟ್ಟಿಯ ಕೊನೆಯಲ್ಲಿರುವುದೇ ಒಂದು ಕ್ಷೇತ್ರದಿಂದ ಇನ್ನೊಂದು ಕ್ಷೇತ್ರಕ್ಕೆ ವಸ್ತುವನ್ನು ಸಾಗಿಸುವ ಕೆಲಸ. ಕ್ಷೇತ್ರವೆಂದರೆ ಇಲ್ಲಿ ಭೂಮಿಯ ಶಾಸ್ತ್ರೀಯ ಸ್ಥಾನಮಾನ. ಹತ್ತು ಅಂಗೈ ಅಗಲದಷ್ಟು, ಅಂದರೆ ಸುಮಾರು 80ರಿಂದ 96 ಸೆಂಟಿಮೀಟರ್ ಎತ್ತರದ ಆವರಣವುಳ್ಳ ಜಾಗ ಖಾಸಗಿ ಕ್ಷೇತ್ರವೆನಿಸುತ್ತದೆ. 16 ಮೊಳ ಅಗಲದ ತೆರೆದ ಹೆದ್ದಾರಿ ಸಾರ್ವಜನಿಕ ಕ್ಷೇತ್ರವೆನಿಸುತ್ತದೆ. ಇವೆರಡರ ನಡುವೆ ಕರ್ಮೆಲಿತ್ ಎಂದು ಕರೆಯಲಾಗುವ ಮಧ್ಯಮ ಕ್ಷೇತ್ರವಿದ್ದು, ಅಲ್ಲಿ ಸಾಗಣೆಯನ್ನು ನಿಷೇಧಿಸಿದ್ದು ತೋರಾ ಎಂಬ ಮೂಲ ಧರ್ಮಗ್ರಂಥವಲ್ಲ, ಅದಕ್ಕೆ ಬೇಲಿಯಂತೆ ಬಂದ ರಬ್ಬಿಗಳ, ಎಂದರೆ ಧರ್ಮಪಂಡಿತರ, ಕಟ್ಟಳೆ. ಈ ಲೆಕ್ಕದಲ್ಲಿ ಮನೆಯೊಳಗೆ ಮಗುವನ್ನು ಎತ್ತಿಕೊಂಡು ಓಡಾಡುವುದಕ್ಕೆ ಅಡ್ಡಿಯೇನೂ ಇಲ್ಲ. ಹೊಸ್ತಿಲು ದಾಟಿದೊಡನೆಯೇ ಅದೇ ಮಗು, ಅದೇ ತೋಳು, ಅದೇ ಹೆಜ್ಜೆ ಶಾಸ್ತ್ರದ ವಿಚಾರಣೆಗೆ ಒಳಗಾಗುತ್ತವೆ.

ಮಗು ಹೊರೆಯೇ ಎಂಬ ಪ್ರಶ್ನೆಗೆ ಪ್ರಾಚೀನ ಪಂಡಿತರು ಕೊಟ್ಟ ಉತ್ತರ ಬಹಳ ಸೂಕ್ಷ್ಮವಾದದ್ದು. ಮಿಶ್ನಾದ ಶಬ್ಬಾತ್ ಪ್ರಕರಣದ ಹತ್ತನೆಯ ಅಧ್ಯಾಯವು ಮಂಚದ ಮೇಲಿರುವ ಜೀವಂತ ಮನುಷ್ಯನನ್ನು ಹೊರಗೆ ಸಾಗಿಸಿದವನು ಮಂಚದ ವಿಷಯದಲ್ಲೂ ದೋಷಿಯಲ್ಲ, ಏಕೆಂದರೆ ಮಂಚ ಮನುಷ್ಯನಿಗೆ ಅಧೀನವಾದದ್ದು ಎಂದು ವಿಧಿಸುತ್ತದೆ; ತಾಲ್ಮುದ್ ಎಂಬ ಬೃಹತ್ ವ್ಯಾಖ್ಯಾನಗ್ರಂಥ ಇದರ ಹಿಂದಿನ ತತ್ತ್ವವನ್ನು ರಬ್ಬಿ ನಾತಾನನ ಹೆಸರಿನಲ್ಲಿ ಹೇಳುತ್ತ, ಜೀವವಿರುವುದು ತನ್ನನ್ನು ತಾನೇ ಹೊತ್ತುಕೊಳ್ಳುತ್ತದೆ ಎಂದು ನಿರೂಪಿಸುತ್ತದೆ. ಪೂರ್ವಮೀಮಾಂಸೆಯನ್ನು ಬಲ್ಲ ಕನ್ನಡ ಓದುಗರಿಗೆ ಇಲ್ಲಿ ಶೇಷ ಮತ್ತು ಶೇಷಿಗಳ ವಿಚಾರ, ಎಂದರೆ ಇನ್ನೊಂದಕ್ಕಾಗಿಯೇ ಇರುವ ಅಂಗಕ್ಕೂ ಅದು ಯಾವುದಕ್ಕಾಗಿ ಇದೆಯೋ ಆ ಪ್ರಧಾನಕ್ಕೂ ಇರುವ ಸಂಬಂಧದ ವಿಚಾರ ಸಹಜವಾಗಿ ನೆನಪಾದೀತು. ಜೈಮಿನಿಯ ಸೂತ್ರಗಳ ಮೂರನೆಯ ಅಧ್ಯಾಯ ಯಜ್ಞದ ಸಾಧನಗಳನ್ನು ಕುರಿತು ನಡೆಸುವ ವಿವೇಚನೆಗೂ ಮಂಚವನ್ನು ಕುರಿತ ಈ ನಿರ್ಣಯಕ್ಕೂ ಚಾರಿತ್ರಿಕ ನಂಟಿಲ್ಲದಿದ್ದರೂ ಎರಡರ ತರ್ಕವೂ ಒಂದೇ ಜಾಡಿನದು. ಮಂಚದ ಜಾಗದಲ್ಲಿ ಪ್ರ್ಯಾಮನ್ನು ಇಟ್ಟರೆ ಗಾಡಿ ಶೇಷ, ಮಗು ಶೇಷಿ. ಗಾಡಿಯ ಗತಿ ಮಗುವಿನ ಗತಿಯನ್ನು ಅವಲಂಬಿಸಿರುತ್ತದೆ.

ಆದರೆ ತನ್ನನ್ನು ತಾನೇ ಹೊತ್ತುಕೊಳ್ಳುವ ಶಕ್ತಿ ಇನ್ನೂ ಕಾಲೂರದ ಕೂಸಿಗೆ ಇದೆಯೇ? ಅದೇ ಪ್ರಕರಣದ ಹದಿನೆಂಟನೆಯ ಅಧ್ಯಾಯ ತಾಯಿ ತನ್ನ ಮಗುವನ್ನು ಬೀದಿಯಲ್ಲಿ ಕೈಹಿಡಿದು ನಡೆಸಬಹುದೆಂದು ಅನುಮತಿಸುತ್ತದೆ; ಸಂಕಲನಕಾರ ಹನಾಸಿಗಿಂತ ಬೇರೆಯವನಾದ ರಬ್ಬಿ ಯೆಹೂದಾ ಅದಕ್ಕೆ ಒಂದು ಷರತ್ತನ್ನು ಸೇರಿಸಿ, ಮಗು ಒಂದು ಕಾಲನ್ನು ಎತ್ತಿ ಇನ್ನೊಂದನ್ನು ಊರುತ್ತಿದ್ದರೆ ಮಾತ್ರ ಸರಿ, ಕಾಲೆಳೆಯುತ್ತಿದ್ದರೆ ಸಲ್ಲದು ಎನ್ನುತ್ತಾನೆ. ಹೊಸದಾಗಿ ನಡೆಯಲು ಕಲಿಯುತ್ತಿರುವ ಮಗುವಿನ ಹೆಜ್ಜೆಯನ್ನು ಇಷ್ಟು ಹತ್ತಿರದಿಂದ ಗಮನಿಸಿದ ಶಾಸ್ತ್ರಕಾರರು ಮನೆಯ ಬದುಕಿನಿಂದ ದೂರ ಉಳಿದವರಾಗಿರಲಾರರು. ಮುಂದಿನ ಕಾಲದ ಅನೇಕ ವ್ಯಾಖ್ಯಾನಕಾರರು ನಡೆಯಲಾರದ ಶಿಶುವಿಗೆ ಮೇಲಿನ ತತ್ತ್ವ ಪೂರ್ಣವಾಗಿ ಅನ್ವಯಿಸುವುದಿಲ್ಲವೆಂದು ತೀರ್ಮಾನಿಸಿದರು. ಅನ್ವಯಿಸುವ ಮಗುವಿನ ವಿಷಯದಲ್ಲಿಯೂ ರಬ್ಬಿಗಳ ನಿಷೇಧ ಉಳಿದೇ ಇದೆ. ಹೀಗಾಗಿ ಜೀವಕ್ಕೆ ಗೌರವ ಸಂದಿತಾದರೂ ಬೀದಿಯ ಬಾಗಿಲು ತೆರೆಯಲಿಲ್ಲ.

ಮಕ್ಕಳ ಗಾಡಿ ಆಧುನಿಕ ವಸ್ತುವೆಂದೂ ಧರ್ಮಶಾಸ್ತ್ರ ಅದನ್ನು ಬಲವಂತವಾಗಿ ಹಳೆಯ ಚೌಕಟ್ಟಿಗೆ ತುರುಕುತ್ತಿದೆಯೆಂದೂ ಆಕ್ಷೇಪಿಸುವುದು ಸುಲಭ. ಇಂಗ್ಲೆಂಡಿನಲ್ಲಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಡೆವನ್‌ಷೈರ್ ಡ್ಯೂಕನ ಮಕ್ಕಳಿಗಾಗಿ 1733ರಲ್ಲಿ ರೂಪಿಸಿದ ಗಾಡಿಯಿಂದಲೇ ಪ್ರ್ಯಾಮಿನ ಚರಿತ್ರೆಯನ್ನು ಆರಂಭಿಸುವ ರೂಢಿಯೂ ಇದೆ. ಆದರೆ ಮಿಶ್ನಾದ ಬೇತ್ಸಾ ಎಂಬ ಪ್ರಕರಣದ ಎರಡನೆಯ ಅಧ್ಯಾಯದ ಕೊನೆಯಲ್ಲಿ ಚಿಕ್ಕ ಮಗುವಿನ ಗಾಡಿಯ ಪ್ರಸ್ತಾಪ ನೇರವಾಗಿಯೇ ಇದೆ. ಆ ಗಾಡಿಯನ್ನು ಸಬ್ಬತ್ತಿನಂದು ಮುಟ್ಟಬಹುದು, ಎಳೆಯುವುದಾದರೆ ಬಟ್ಟೆಯ ಹಾಸಿನ ಮೇಲೆ ಮಾತ್ರ ಎಳೆಯಬೇಕು ಎಂಬುದು ಅಲ್ಲಿಯ ವಿಧಿ. ನೆಲದ ಮೇಲೆ ಎಳೆದರೆ ಗಾಲಿ ಮಣ್ಣನ್ನು ಗೀರಿ ಉಳುಮೆಯ ನಿಷೇಧಕ್ಕೆ ಸಮೀಪವಾದೀತೆಂಬುದು ಭಯ. ರಬ್ಬಿ ಯೆಹೂದಾ ಮಿಕ್ಕ ಸಾಮಾನುಗಳನ್ನು ಎಳೆಯಬಾರದೆಂದರೂ ಗಾಡಿಯನ್ನು ಬಿಡುತ್ತಾನೆ, ಏಕೆಂದರೆ ಗಾಲಿ ಮಣ್ಣನ್ನು ಅಗೆಯುವುದಿಲ್ಲ, ಒತ್ತುತ್ತದೆ ಅಷ್ಟೆ. ಹದಿನೆಂಟು ಶತಮಾನಗಳ ಹಿಂದೆ ಮಗುವಿನ ಗಾಡಿಯ ಗಾಲಿಗೂ ನೆಲಕ್ಕೂ ನಡುವೆ ನಡೆಯುವ ಕ್ರಿಯೆಯನ್ನು ಬಗ್ಗಿ ನೋಡಿದ ಪರಂಪರೆ ಇದು. ಇಂದಿನ ಪ್ರ್ಯಾಮಿನ ಪ್ರಶ್ನೆಗಳು ಅದಕ್ಕೆ ಅಪರಿಚಿತವಲ್ಲ.

ಆ ಪ್ರಶ್ನೆಗಳಲ್ಲಿ ಮುಖ್ಯವಾದವು ಮೇಲ್ಛಾವಣಿ ಮತ್ತು ಮಡಚುವಿಕೆಗೆ ಸಂಬಂಧಿಸಿದವು. ನೆರಳಿಗಾಗಿ ಹೊಸದಾಗಿ ಚಾವಣಿ ಕಟ್ಟುವುದು ಓಹೆಲ್, ಅಂದರೆ ಗುಡಾರ ಹೂಡುವ ಕೆಲಸವೆಂದು ಪರಿಗಣಿತವಾಗಿ ನಿಷಿದ್ಧ. ಗಾಡಿಗೆ ಮೊದಲೇ ಕೀಲುಗಳಿಂದ ಜೋಡಿಸಿಟ್ಟ ಛಾವಣಿಯನ್ನು ಮುಂದಕ್ಕೆ ಎಳೆಯುವುದು ಬಾಗಿಲನ್ನು ತೆರೆದು ಮುಚ್ಚುವ ಕೆಲಸಕ್ಕೆ ಸಮಾನವೆಂದು ಅನೇಕರು ಒಪ್ಪುತ್ತಾರೆ. ಬಿಡಿಯಾಗಿ ಹೊದಿಸುವ ಮಳೆಹಾಳೆ, ಸೊಳ್ಳೆಪರದೆಗಳ ವಿಷಯದಲ್ಲಿ ಮಾತ್ರ ಒಂದು ಅಂಗೈ ಅಗಲದಷ್ಟನ್ನು ಶುಕ್ರವಾರವೇ ಹರಡಿಟ್ಟು, ಸಬ್ಬತ್ತಿನಂದು ಅದನ್ನೇ ಮುಂದುವರಿಸುವ ಕ್ರಮವನ್ನು ಸೂಚಿಸುತ್ತಾರೆ. ವಿಮಾನ ಎಂಜಿನಿಯರಾಗಿದ್ದ ಓವೆನ್ ಮೆಕ್ಲಾರೆನ್ 1965ರಲ್ಲಿ ಹಗುರವಾದ ಅಲ್ಯೂಮಿನಿಯಂ ಚೌಕಟ್ಟಿನ ಮಡಚುಗಾಡಿಯನ್ನು ರೂಪಿಸಿದ ಮೇಲೆ ಮನೆಮನೆಗೂ ಬಂದ ಈ ಬಗೆಯ ಗಾಡಿಯನ್ನು ತೆರೆಯುವುದು ಕಟ್ಟಡ ಕಟ್ಟುವ ವರ್ಗಕ್ಕೆ ಸೇರುವುದಿಲ್ಲ, ಏಕೆಂದರೆ ಮಡಚುಕುರ್ಚಿಯನ್ನು ತೆರೆಯಲು ತಾಲ್ಮುದ್ ಆಗಲೇ ಅನುಮತಿ ಕೊಟ್ಟಿದೆ. ಕಳಚಿದ ಗಾಲಿಯನ್ನು ತಿರುಪು ಬಿಗಿದು ಕೂರಿಸುವುದು ಮಾತ್ರ ಸಲ್ಲದು. ವಿದ್ಯುತ್ತಿನಿಂದ ನಡೆಯುವ ಗಾಡಿಯಂತೂ ಆ ದಿನದ ಉಪಯೋಗಕ್ಕೆ ಬರುವುದಿಲ್ಲ. ಹಿಡಿಗೆ ತೂಗುಹಾಕಿದ ಚೀಲದಲ್ಲಿರುವ ಹಣ ಮತ್ತು ಫೋನನ್ನು ಸೂರ್ಯಾಸ್ತಕ್ಕೆ ಮೊದಲೇ ತೆಗೆದಿಡಬೇಕು. ಕೀಲು ಕೂಡಿದ ಛಾವಣಿ, ತಿರುಪಿನ ಹಂಗಿಲ್ಲದ ಜೋಡಣೆ, ಯಂತ್ರವಿಲ್ಲದ ಸರಳತೆ ಇವಿಷ್ಟಿದ್ದರೆ ಆಯ್ಕೆಯ ಧಾರ್ಮಿಕ ಭಾಗ ಬಹುಮಟ್ಟಿಗೆ ಮುಗಿಯುತ್ತದೆ.

ಎಷ್ಟೇ ಯೋಗ್ಯವಾದ ಗಾಡಿಯಾದರೂ ಅದು ಚಲಿಸುವ ನೆಲದ ಪ್ರಶ್ನೆಯನ್ನು ತಾನಾಗಿ ಬಗೆಹರಿಸಲಾರದು. ಅದನ್ನು ಬಗೆಹರಿಸುವುದು ಎರುವ್ ಎಂಬ ವ್ಯವಸ್ಥೆ. ಎರಡು ಕಂಬಗಳು ಮತ್ತು ಅವುಗಳ ಮೇಲೆ ಹಾಯುವ ಒಂದು ತಂತಿ ಸೇರಿದರೆ ಶಾಸ್ತ್ರದ ದೃಷ್ಟಿಯಲ್ಲಿ ಬಾಗಿಲಿನ ಆಕಾರ ಸಿದ್ಧವಾಗುತ್ತದೆ. ಅಂಥ ಬಾಗಿಲುಗಳ ಸಾಲು, ಈಗಾಗಲೇ ಇರುವ ಗೋಡೆ, ರೈಲುದಾರಿಯ ಬೇಲಿ, ದಿಬ್ಬಗಳೊಡನೆ ಕೂಡಿ ಒಂದು ಬಡಾವಣೆಯನ್ನು ಸುತ್ತುವರಿದಾಗ ಒಳಗಿನ ಬೀದಿಗಳೆಲ್ಲ ಒಂದೇ ಮನೆಯ ಅಂಗಳವೆನಿಸುತ್ತವೆ. ತಂತಿಯನ್ನು ಗೋಡೆಯೆಂದು ಭಾವಿಸುವುದು ದೇವರ ಕಣ್ಣಿಗೆ ಮಣ್ಣೆರಚುವ ಉಪಾಯವಲ್ಲವೇ ಎಂದು ಕೇಳುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಆದರೆ ಈ ಟೀಕೆ ವ್ಯವಸ್ಥೆಯ ಅರ್ಧವನ್ನು ಮಾತ್ರ ನೋಡುತ್ತದೆ. ಆವರಣ ಪೂರ್ಣಗೊಂಡರೂ ಒಳಗೆ ಬೇರೆಬೇರೆ ಮನೆಗಳವರು ಇರುವವರೆಗೆ ಸಾಗಣೆ ಸಲ್ಲುವುದಿಲ್ಲ. ಅವರೆಲ್ಲರ ಪರವಾಗಿ ಆಹಾರವನ್ನು, ಸಾಮಾನ್ಯವಾಗಿ ಹುಳಿ ಸೇರಿಸದ ಮಾತ್ಸಾ ರೊಟ್ಟಿಯನ್ನು, ಸಾಮೂಹಿಕವಾಗಿ ತೆಗೆದಿರಿಸಬೇಕು. ಯಹೂದಿಗಳಲ್ಲದ ನಿವಾಸಿಗಳಿದ್ದರೆ ಅವರ ಪಾಲಿನ ಹಕ್ಕನ್ನು ಸ್ಥಳೀಯ ಆಡಳಿತದ ಮೂಲಕ ಸಾಂಕೇತಿಕ ಬಾಡಿಗೆ ಕೊಟ್ಟು ಪಡೆಯಬೇಕು. ಅಂದರೆ ಕಂಬ ಮತ್ತು ತಂತಿಗಳು ಸ್ಥಳವನ್ನು ಗುರುತಿಸುತ್ತವೆ, ಆ ಸ್ಥಳವನ್ನು ಒಂದಾಗಿಸುವುದು ನೆರೆಹೊರೆಯವರ ಸಮ್ಮತಿ.

ಯೆರೂಸಲೇಮಿನ ತಾಲ್ಮುದ್ ಈ ಅಂಶವನ್ನು ಒಂದು ಪ್ರಸಂಗದ ಮೂಲಕ ಮನಗಾಣಿಸುತ್ತದೆ. ಅಂಗಳದ ಎರುವ್ ಶಾಂತಿಗಾಗಿ ಏರ್ಪಟ್ಟದ್ದೆಂದು ರಬ್ಬಿ ಯೆಹೋಶುವಾ ಬೆನ್ ಲೇವಿ ಹೇಳಿದನೆಂದು ತಿಳಿಸಿ, ಪರಸ್ಪರ ಹಗೆಯಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬಳು ತನ್ನ ಪಾಲಿನ ಆಹಾರವನ್ನು ಮಗನ ಕೈಯಲ್ಲಿ ಕಳಿಸಿದಳೆಂದೂ, ಇನ್ನೊಬ್ಬಳು ಆ ಹುಡುಗನನ್ನು ಅಪ್ಪಿ ಮುದ್ದಿಸಿದಳೆಂದೂ, ಅವನು ಹೋಗಿ ಅದನ್ನು ತಾಯಿಗೆ ಹೇಳಿದ ಮೇಲೆ ಹಗೆ ತೊಲಗಿತೆಂದೂ ಅದು ವಿವರಿಸುತ್ತದೆ. ಎರುವನ್ನು ನುಣುಚಿಕೊಳ್ಳುವ ದಾರಿಯೆಂದು ಹಳಿಯುವವರು ಈ ಪ್ರಸಂಗವನ್ನು ಗಂಭೀರವಾಗಿ ಪರಿಶೀಲಿಸಬೇಕು. ಇಲ್ಲಿ ನಿಷೇಧದ ಸಡಿಲಿಕೆ ಒಬ್ಬರ ಅನುಕೂಲದಿಂದ ಹುಟ್ಟುವುದಿಲ್ಲ. ಪಕ್ಕದ ಮನೆಯವರೊಡನೆ ಒಂದು ಸಂಬಂಧವನ್ನು ಕಟ್ಟಿಕೊಂಡವರಿಗೆ ಮಾತ್ರ ಅದು ದೊರೆಯುತ್ತದೆ. ಮಗುವನ್ನು ಹೊತ್ತು ಬೀದಿಗಿಳಿಯುವ ಸ್ವಾತಂತ್ರ್ಯ ಸಮ್ಮತಿಯ ಫಲವೆಂದು ಕಂಡುಕೊಂಡದ್ದು ಆ ಶಾಸ್ತ್ರದ ನಿಜವಾದ ಆಳ.

ಸಮ್ಮತಿ ಸುಲಭವಾಗಿ ಸಿಗುವುದಿಲ್ಲವೆಂಬುದಕ್ಕೆ ಲಂಡನ್ನಿನ ವಾಯವ್ಯ ಭಾಗವೇ ಸಾಕ್ಷಿ. ಗೋಲ್ಡರ್ಸ್ ಗ್ರೀನ್, ಹೆಂಡನ್, ಹ್ಯಾಂಪ್‌ಸ್ಟೆಡ್ ಗಾರ್ಡನ್ ಸಬರ್ಬ್‌ಗಳನ್ನು ಒಳಗೊಂಡು ಸುಮಾರು 11 ಮೈಲಿ ಸುತ್ತಳತೆಯ ಎರುವ್ ಅಲ್ಲಿ 2003ರಲ್ಲಿ ಬಳಕೆಗೆ ಬರುವ ಮೊದಲು ಹತ್ತು ವರ್ಷಕ್ಕೂ ಮಿಕ್ಕಿ ವಿವಾದ ನಡೆಯಿತು. ಕಂಬಗಳು ಬಡಾವಣೆಯ ಅಂದ ಕೆಡಿಸುತ್ತವೆಂದವರಿದ್ದರು. ಇದು ಯಹೂದಿಗಳನ್ನು ಮತ್ತೆ ಪ್ರತ್ಯೇಕ ಕೇರಿಗೆ ದೂಡುತ್ತದೆಂದು ಅಂಜಿದ ಯಹೂದಿಗಳೂ ಇದ್ದರು. ಕಟ್ಟುನಿಟ್ಟಿನ ಪಂಥಗಳ ಕೆಲವು ರಬ್ಬಿಗಳು ಶಾಸ್ತ್ರದ ಆಧಾರದಿಂದಲೇ ವಿರೋಧಿಸಿದರು. ಕೊನೆಯ ವಿರೋಧವನ್ನು ಹಗುರವಾಗಿ ಕಾಣುವಂತಿಲ್ಲ. ಹನ್ನೊಂದನೆಯ ಶತಮಾನದ ಮಹಾವ್ಯಾಖ್ಯಾನಕಾರ ರಾಶಿ ಆರು ಲಕ್ಷ ಜನ ಓಡಾಡುವ ಜಾಗವೇ ನಿಜವಾದ ಸಾರ್ವಜನಿಕ ಕ್ಷೇತ್ರವೆಂದು ಹೇಳಿದ. ಹನ್ನೆರಡನೆಯ ಶತಮಾನದ ಮೈಮೊನಿಡೀಸ್ ಅಂಥ ಸಂಖ್ಯೆಯನ್ನು ಮುಂದಿಡಲಿಲ್ಲ. ನಿಜವಾದ ಸಾರ್ವಜನಿಕ ಕ್ಷೇತ್ರಕ್ಕಾದರೋ ತಂತಿಯ ಬಾಗಿಲು ಸಾಲದು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಪ್ರಮುಖ ಧರ್ಮನಿರ್ಣಾಯಕರಾಗಿದ್ದ ರಬ್ಬಿ ಮೋಶೆ ಫೈನ್‌ಸ್ಟೈನ್ ಬ್ರೂಕ್ಲಿನ್‌ನಂಥ ದಟ್ಟ ಜನವಸತಿಯಲ್ಲಿ ಎರುವನ್ನು ಒಪ್ಪದಿದ್ದುದಕ್ಕೆ ಇಂಥ ಗಣನೆಯೇ ಆಧಾರ.

ಆದರೂ ಕಟ್ಟುನಿಟ್ಟಿನ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನು ನಿರ್ಣಯದೊಳಗೆ ಸೇರಿಸದಿದ್ದರೆ ನಿರ್ಣಯ ಅಪೂರ್ಣ. ಹತ್ತು ವಯಸ್ಕ ಗಂಡಸರ ಕೂಟ ಸೇರಿ ನಡೆಸುವ ಸಾಮೂಹಿಕ ಪ್ರಾರ್ಥನೆಯ ಹೊಣೆ ಸಂಪ್ರದಾಯದ ಪ್ರಕಾರ ಪುರುಷರದಾದ್ದರಿಂದ, ಎರುವ್ ಇಲ್ಲದ ಊರಿನಲ್ಲಿ ನಡೆಯಲಾರದ ಕೂಸಿನೊಡನೆ ಮನೆಯಲ್ಲಿ ಉಳಿಯುವವಳು ಹೆಚ್ಚಾಗಿ ತಾಯಿ. ಒಂದರ ಹಿಂದೆ ಒಂದು ಮಗು ಹುಟ್ಟುವ ಮನೆಗಳಲ್ಲಿ ಇದು ವರ್ಷಗಟ್ಟಲೆ ಮುಂದುವರಿಯುತ್ತದೆ. ಗಾಲಿಕುರ್ಚಿಯಲ್ಲಿರುವ ವೃದ್ಧರ ಮತ್ತು ಅಂಗವಿಕಲರ ಪಾಡೂ ಇದೇ. ಸಂದೇಹವಿದ್ದಲ್ಲಿ ನಿಷೇಧವೇ ಸುರಕ್ಷಿತವೆಂಬ ಮಾತು ಮನೆಯೊಳಗೆ ಉಳಿದವಳ ಮಟ್ಟಿಗೆ ಸುರಕ್ಷಿತವಲ್ಲ. ಸಬ್ಬತ್ತನ್ನು ಆನಂದದ ದಿನವೆಂದು ಯೆಶಾಯನ ಪ್ರವಾದನ ಗ್ರಂಥ ಸಾರುವಾಗ ಆ ಆನಂದದಿಂದ ತಾಯಿಯನ್ನೂ ಮಗುವನ್ನೂ ಹೊರಗಿಟ್ಟು ದಿನದ ಪಾವಿತ್ರ್ಯವನ್ನು ಕಾಪಾಡಿದೆವೆನ್ನುವುದು ನ್ಯಾಯವಲ್ಲ. ಸ್ವಂತಕ್ಕೆ ಎರುವನ್ನು ಬಳಸದಿರುವ ಹಕ್ಕು ಕಟ್ಟುನಿಟ್ಟಿನವರಿಗೆ ಖಂಡಿತ ಇದೆ. ಮಾನ್ಯ ಪಂಡಿತರ ಆಧಾರದ ಮೇಲೆ ಬಳಸುವವರನ್ನು ತಡೆಯುವ ಹಕ್ಕು ಅದರಿಂದ ಹುಟ್ಟುವುದಿಲ್ಲ.

ಹೊರಗಿನ ನೆರೆಯವರ ಪಾಲೂ ಈ ವಿಚಾರದಲ್ಲಿ ಇದೆ. ಅಮೆರಿಕದ ನ್ಯೂಜೆರ್ಸಿಯ ಟೆನಾಫ್ಲೈ ಪಟ್ಟಣದ ಆಡಳಿತ ದೂರವಾಣಿ ಮತ್ತು ವಿದ್ಯುತ್ ಕಂಬಗಳಿಗೆ ಎರುವ್‌ಗಾಗಿ ಹಚ್ಚಿದ್ದ ತೆಳುವಾದ ಪ್ಲಾಸ್ಟಿಕ್ ಪಟ್ಟಿಗಳನ್ನು ತೆಗೆಸಲು ಹೊರಟಾಗ ವಿವಾದ ನ್ಯಾಯಾಲಯಕ್ಕೆ ಹೋಯಿತು. ಎರುವ್ ಇಲ್ಲದಿದ್ದರೆ ಚಿಕ್ಕ ಮಕ್ಕಳಿರುವವರು ಸಬ್ಬತ್ತಿನಂದು ಪ್ರಾರ್ಥನಾಮಂದಿರಕ್ಕೆ ಹೋಗಲಾರರೆಂಬುದು ಅಲ್ಲಿ ಚರ್ಚೆಗೆ ಬಂತು. ಕಳೆದುಹೋದ ಸಾಕುಪ್ರಾಣಿಗಳ ಚೀಟಿ, ಚರ್ಚುಗಳ ದಾರಿಫಲಕಗಳನ್ನು ಅದೇ ಕಂಬಗಳ ಮೇಲೆ ಸಹಿಸಿಕೊಂಡು ಬಂದ ಪಟ್ಟಣ ಈ ಪಟ್ಟಿಗಳನ್ನು ಮಾತ್ರ ಆಯ್ದು ತೆಗೆಸುವಂತಿಲ್ಲವೆಂದು ಮೂರನೆಯ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ 2002ರಲ್ಲಿ ನಿರ್ಧರಿಸಿತು. ಆ ನಿರ್ಧಾರದಲ್ಲಿ ಕೈಹಾಕಲು ಅಮೆರಿಕದ ಸುಪ್ರೀಂ ಕೋರ್ಟ್ 2003ರಲ್ಲಿ ನಿರಾಕರಿಸಿತು.