‘ಇನ್’ ಇದ್ದರೆ ಒಂದು ನಂಬಿಕೆ, ಇಲ್ಲದಿದ್ದರೆ ಇನ್ನೊಂದು

ಇಂಗ್ಲಿಷ್ ಕಲಿಯುವವರು ಅದಲುಬದಲು ಮಾಡುವ ಜೋಡಿಗಳಲ್ಲಿ ‘ಬಿಲೀವ್ ಹಿಮ್’, ‘ಬಿಲೀವ್ ಇನ್ ಹಿಮ್’ ಎಂಬುದೂ ಒಂದು. ಅವನು ಹೇಳಿದ್ದು ನಿಜವೆಂದು ಒಪ್ಪುವುದು ಮೊದಲನೆಯದು. ಅವನ ಮೇಲೆಯೇ ಭರವಸೆ ಇಡುವುದು ಎರಡನೆಯದು. ವ್ಯಾಕರಣದ ಪಾಠ ಅಲ್ಲಿಗೆ ಮುಗಿಯುತ್ತದೆ, ಧರ್ಮದ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ. ದೇವರನ್ನು ನಂಬುವುದೆಂದರೆ ದೇವರಿದ್ದಾನೆ ಎಂಬ ಹೇಳಿಕೆಗೆ ತಲೆದೂಗುವುದೋ, ಅವನಿಗೆ ತನ್ನನ್ನು ಒಪ್ಪಿಸಿಕೊಳ್ಳುವುದೋ? ಒಪ್ಪಿಸಿಕೊಳ್ಳುವುದೇ ನಂಬಿಕೆಯ ತಿರುಳು ಎಂಬುದು ನನ್ನ ವಾದ.

ಈ ‘ಇನ್’ ಆಕಸ್ಮಿಕವಾಗಿ ಬಂದದ್ದಲ್ಲ. ಯೋಹಾನನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ‘ನಂಬು’ ಎಂಬ ಕ್ರಿಯಾಪದದ ಜೊತೆ ‘ಒಳಕ್ಕೆ’, ‘ಕಡೆಗೆ’ ಎಂಬ ಅರ್ಥದ, ಚಲನೆಯನ್ನು ಸೂಚಿಸುವ ಪದ ಮತ್ತೆ ಮತ್ತೆ ಬರುತ್ತದೆ. ಲ್ಯಾಟಿನ್ ಕ್ರೈಸ್ತರು ಆ ರಚನೆಯನ್ನು ಹಾಗೆಯೇ ಉಳಿಸಿಕೊಂಡರು. ಅದೇ ಸುವಾರ್ತೆಯನ್ನು ವಿವರಿಸುತ್ತ ಕ್ರೈಸ್ತ ಚಿಂತಕ ಅಗಸ್ಟೀನ್, ದೆವ್ವಗಳೂ ಕ್ರಿಸ್ತನ ಮಾತನ್ನು ನಂಬಿದವು, ಆದರೆ ಅವನಲ್ಲಿ ನಂಬಿಕೆಯಿಡಲಿಲ್ಲ ಎಂದು ಎರಡನ್ನೂ ಬೇರ್ಪಡಿಸಿದ. ಅವನಲ್ಲಿ ನಂಬಿಕೆಯಿಡುವುದೆಂದರೆ ಅವನನ್ನು ಪ್ರೀತಿಸುತ್ತ ಅವನತ್ತ ಸಾಗುವುದು. ದೆವ್ವಗಳಿಗೆ ಕೊರತೆಯಿದ್ದದ್ದು ತಿಳಿವಳಿಕೆಯದಲ್ಲ, ಆ ಸಾಗುವಿಕೆಯದು. ಈ ಒಂದು ಮಾತಿನಲ್ಲಿ ಇಡೀ ವಾದದ ಬಲವಿದೆ.

‘ಬಿಲೀವ್ ಇನ್ ಘೋಸ್ಟ್ಸ್’ ಎಂದಾಗ ಭೂತಗಳಿವೆ ಎಂಬುದಷ್ಟೇ ಅರ್ಥ, ಅಲ್ಲಿ ಭರವಸೆ ಎಲ್ಲಿದೆ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ. ಇಂಥ ಬಳಕೆಗಳಿವೆಯೆಂದು 1965ರ ಪ್ರಬಂಧದಲ್ಲಿ ತತ್ತ್ವಜ್ಞಾನಿ ಎಚ್. ಎಚ್. ಪ್ರೈಸ್ ಒಪ್ಪುತ್ತಾನೆ, ಆದರೆ ವ್ಯಕ್ತಿಯ ಮೇಲಿನ ವಿಶ್ವಾಸವನ್ನು ಹಾಗೆ ‘ಇದೆ’ ಎಂಬುದಕ್ಕೆ ಇಳಿಸಲಾಗದು ಎನ್ನುತ್ತಾನೆ. ವೈದ್ಯರನ್ನು ನಂಬಿ ಶಸ್ತ್ರಚಿಕಿತ್ಸೆಗೆ ಒಪ್ಪುವವರು ವೈದ್ಯರಿದ್ದಾರೆ ಎಂಬುದನ್ನು ಸಾಬೀತು ಮಾಡುತ್ತಿಲ್ಲವಲ್ಲ. ದೇವರಿಲ್ಲದಿದ್ದರೆ ಭರವಸೆಯೇ ಪೊಳ್ಳಾಗುವುದಿಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಹೌದು, ಆಗುತ್ತದೆ. ಇರುವಿಕೆ ನಂಬಿಕೆಗೆ ಬೇಕು, ಆದರೆ ಸಾಲದು. ಇನ್ನು ಒಂದು ಭಾಷೆಯ ಉಪಸರ್ಗದಿಂದ ಸತ್ಯ ನಿರ್ಧಾರವಾಗದು ಎಂಬ ಮಾತೂ ಸರಿಯೇ. ಹಾಗಾಗಿ, ‘ಇನ್’ನಂಥ ಉಪಸರ್ಗಗಳೇ ಇಲ್ಲದ ಕನ್ನಡವನ್ನು ನೋಡೋಣ. ‘ಮಳೆ ನಂಬಿ ಬಿತ್ತಿದರು’, ‘ನನ್ನನ್ನೇ ನಂಬಿಕೊಂಡಿದ್ದಾರೆ’ ಎನ್ನುವಾಗ ಮಳೆಯ, ನನ್ನ ಇರುವಿಕೆ ಚರ್ಚೆಯ ವಿಷಯವೇ ಅಲ್ಲ. ಬದುಕನ್ನೇ ಪಣಕ್ಕಿಟ್ಟ ಅವಲಂಬನೆಯಿದೆ. ಸಂಬಂಧವಿಲ್ಲದ ಎರಡು ಭಾಷಾಕುಟುಂಬಗಳು ಒಂದೇ ಭೇದವನ್ನು ಕಾಯ್ದುಕೊಂಡಿರುವುದು ಮನುಷ್ಯಾನುಭವದ ಸಾಕ್ಷ್ಯ.

ಆದ್ದರಿಂದ ಆಸ್ತಿಕರೂ ನಾಸ್ತಿಕರೂ ಚರ್ಚೆಗೆ ಕೂರುವ ಮುನ್ನ, ದೇವರಿದ್ದಾನೆಯೇ ಎಂದು ಕೇಳುತ್ತಿದ್ದೇವೋ, ಅವನನ್ನು ನೆಚ್ಚಿ ಬದುಕಬಹುದೇ ಎಂದು ಕೇಳುತ್ತಿದ್ದೇವೋ ಎಂಬುದನ್ನು ದಯವಿಟ್ಟು ಸ್ಪಷ್ಟಪಡಿಸಿಕೊಳ್ಳಲಿ.