ಮಗುವಿನ ವರ್ಷವರ್ಧನ, ತಾಯಿಯ ನಿಯಮ

ಹುಟ್ಟುಹಬ್ಬವೆಂಬುದು ಪರರ ಪದ್ಧತಿಯೆಂದು ಮೂಗು ಮುರಿಯುವ ಹಿರಿಯರು ಜೈನ ಮನೆಗಳಲ್ಲಿ ಇಂದಿಗೂ ಉಂಟು. ಕೇಕು, ಮೇಣದಬತ್ತಿಗಳ ಮಟ್ಟಿಗೆ ಆ ಮಾತು ಸರಿ. ಆದರೆ ಕ್ರಿ.ಶ. 9ನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ವಿವರಿಸಿರುವ 53 ಗರ್ಭಾನ್ವಯ ಕ್ರಿಯೆಗಳಲ್ಲಿ, ಮಗುವಿಗೆ ವರ್ಷ ತುಂಬಿದಾಗ ನಡೆಸುವ ವ್ಯುಷ್ಟಿಕ್ರಿಯೆಯೂ ಒಂದು. ವರ್ಷವರ್ಧನವೆಂದು ಅದಕ್ಕೆ ಇನ್ನೊಂದು ಹೆಸರು. ಅಕ್ಷರಾಭ್ಯಾಸದ ಲಿಪಿಸಂಖ್ಯಾನಕ್ರಿಯೆಗೆ ಆಚಾರ್ಯರು ಐದನೆಯ ವರ್ಷವನ್ನು ಹೇಳಿದ್ದಾರೆ. ಜರ್ಮನಿಯ ಫ್ರೋಬೆಲ್ ತನ್ನ ಶಾಲೆಯನ್ನು ಮಕ್ಕಳ ತೋಟವೆಂದು ಕರೆದದ್ದು 1840ರಲ್ಲಿ.

ಬಿನ್ನಿಪೇಟೆಯಲ್ಲಿ ಒಂದು ಕಾಲಕ್ಕೆ ಬೆಳಗಾದರೆ ಗಿರಣಿಯು ತಂದೆಯರನ್ನು ಕರೆಯುತ್ತಿತ್ತು. ಗಿರಣಿಯ ನೆಲದಲ್ಲಿ ಈಗ ಬಹುಮಹಡಿ ವಸತಿಗಳೆದ್ದಿವೆ. ಬೆಳಗಿನ ಹೊತ್ತು ಶಾಲೆಯ ವ್ಯಾನು ಮಕ್ಕಳನ್ನು ಕರೆಯುತ್ತದೆ. ಅಲ್ಲಿನ ಒಬ್ಬ ಶ್ರಾವಿಕೆಯ ಮಗಳಿಗೆ ನಾಲ್ಕು ತುಂಬಿ ಐದು ಹಿಡಿಯಿತು. ಜೂನ್ ತಿಂಗಳಲ್ಲಿ ಮಗು ಶಿಶುವಿಹಾರಕ್ಕೆ ಹೋಗಬೇಕು. ಅದು ಅಳದೆ ಹೊಂದಿಕೊಳ್ಳಲಿ, ಚೆನ್ನಾಗಿ ಕಲಿಯಲಿ ಎಂದು, ಒಂದು ವರ್ಷ ಅಷ್ಟಮಿ ಚತುರ್ದಶಿಗಳಂದು ಏಕಭುಕ್ತವಿರುವುದಾಗಿ ತಾಯಿ ನಿಶ್ಚಯಿಸಿದಳು. ಅತ್ತೆ ಒಂದೇ ಮಾತು ಕೇಳಿದರು: “ಮಗು ಅಳುತ್ತಾ ಬಂದರೆ ಏಕಭುಕ್ತ ಬಿಟ್ಟುಬಿಡುತ್ತೀಯೇನಮ್ಮ?”

ಪ್ರಶ್ನೆ ಸಣ್ಣದಲ್ಲ. ವ್ರತಕ್ಕೆ ಪ್ರತಿಫಲವನ್ನು ಬಯಸುವುದು ನಿದಾನ. ಮಾಯೆ, ಮಿಥ್ಯಾತ್ವಗಳ ಜೊತೆಗೆ ಅದೂ ಶಲ್ಯವೆನಿಸುತ್ತದೆ. ಶಲ್ಯವುಳ್ಳವನು ವ್ರತಿಯಲ್ಲವೆಂದು ಉಮಾಸ್ವಾಮಿಗಳ ಮತ. ಹಾಗಾದರೆ ಮಗುವಿನ ಹಿತವನ್ನು ಬಯಸುವುದೇ ದೋಷವೇ? ಅಲ್ಲ, ಅದು ಮೈತ್ರೀಭಾವ. ಆ ಹಿತಕ್ಕೆ ತನ್ನ ಹಸಿವನ್ನು ಬೆಲೆಯಾಗಿ ಕಟ್ಟಿದಾಗ ಮಾತ್ರ ಉಪವಾಸಕ್ಕೆ ವ್ಯಾಪಾರದ ವಾಸನೆ ತಗಲುತ್ತದೆ. ಒಬ್ಬರ ಕರ್ಮವನ್ನು ಇನ್ನೊಬ್ಬರ ಉಪವಾಸ ತೊಳೆಯಲಾರದು. ತಾಯಿಯ ಏಕಭುಕ್ತದಿಂದ ಕರಗಬಹುದಾದದ್ದು ತಾಯಿಯ ಮೋಹ.

ಆಕೆಗೆ ಇನ್ನೊಂದು ಚಿಂತೆಯೂ ಇತ್ತು. ಶಾಲೆಯಲ್ಲಿ ಗೆಳತಿಯ ಹುಟ್ಟುಹಬ್ಬದ ದಿನ ಮೊಟ್ಟೆ ಬೆರೆಸಿದ ಕೇಕು ಹಂಚಿದರೆ? ಈಗಲೇ ಮಗುವಿಗೆ ವ್ರತ ಕೊಡಿಸಬೇಕೆ? ಬುದ್ಧಿಪೂರ್ವಕವಾಗಿ, ಯೋಗ್ಯವಾದ ವಿಷಯದಿಂದ ಹಿಂದೆಗೆಯುವುದೇ ವ್ರತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುತ್ತಾರೆ. ನಾಲ್ಕು ವರ್ಷದ ಕೂಸಿಗೆ ಆ ಸಂಕಲ್ಪಬುದ್ಧಿ ಎಲ್ಲಿಂದ ಬರಬೇಕು? ಎಂಟು ವರ್ಷದವರೆಗೆ ಮೂಲಗುಣಗಳ ಪಾಲನೆ ಹೆತ್ತವರ ಹೊಣೆಯೆಂಬ ರೂಢಿ ಇದಕ್ಕೇ ಬಂದದ್ದು. ಉಪಾಧ್ಯಾಯಿನಿಗೆ ಮೊದಲೇ ತಿಳಿಸುವುದು, ಡಬ್ಬಿಯಲ್ಲಿ ಒಂದು ಕೊಬ್ಬರಿ ಮಿಠಾಯಿ ಇಡುವುದು ತಾಯಿಯ ಕೆಲಸ. ತಿಳಿಯದೆ ಒಂದು ತುಣುಕು ತಿಂದ ಮಗುವನ್ನು ಪಾಪಿಯೆಂದು ಹೆದರಿಸುವವರು ಧರ್ಮದ ಮೇಲೆಯೇ ಅದಕ್ಕೆ ಭಯ ಹುಟ್ಟಿಸುತ್ತಾರೆ.

ಸಮಂತಭದ್ರರ ಆ ‘ಯೋಗ್ಯವಾದ ವಿಷಯ’ವೆಂಬ ಮಾತಿನಲ್ಲಿ ತಾಯಿಯ ಮನಸ್ಸು ಬಹಳ ಹೊತ್ತು ನಿಂತಿತು. ಬೇಡವಾದದ್ದನ್ನು ಬಿಡುವುದು ತ್ಯಾಗವಲ್ಲ. ಮಗುವನ್ನು ಎತ್ತಿಕೊಂಡಿರುವುದು ಅವಳಿಗೆ ನ್ಯಾಯವಾದ ಸುಖವೇ. ಉಮಾಸ್ವಾಮಿಗಳು ಪರಿಗ್ರಹವನ್ನು ಮಮತೆಯಲ್ಲಿ ಗುರುತಿಸಿದರು. ಮನೆ, ಒಡವೆಗಳಿಗೆ ಮಿತಿ ಹಾಕಿಕೊಳ್ಳುವ ಗೃಹಸ್ಥರು ಮಕ್ಕಳ ವಿಷಯದಲ್ಲಿ ಆ ಲೆಕ್ಕವನ್ನು ತೆಗೆಯುವುದೇ ಇಲ್ಲ. ಶಿಶುವಿಹಾರವೆಂಬ ಹೆಸರೂ ಸೊಗಸಾದುದು. ಒಂದೆಡೆ ನೆಲೆ ಕಟ್ಟದ ಮುನಿಗಳ ಸಂಚಾರಕ್ಕೆ ಜೈನರು ವಿಹಾರವೆನ್ನುತ್ತಾರೆ.

ಅಷ್ಟಮಿ ಚತುರ್ದಶಿಗಳ ಏಕಭುಕ್ತವನ್ನು ಅವಳು ಬಿಡಲಿಲ್ಲ, ಮಗುವಿನ ಹೆಸರನ್ನು ಮಾತ್ರ ಅದರಿಂದ ತೆಗೆದಳು. ಜೊತೆಗೆ ಒಂದು ತಿಂಗಳ ಕಾಲಮಿತಿಯ ನಿಯಮವೊಂದನ್ನು ಹಿಡಿದಳು: ಮಗುವನ್ನು ಒಳಗೆ ಬಿಟ್ಟ ಮೇಲೆ ಶಾಲೆಯ ಗೇಟಿನ ಬಳಿ ನಿಲ್ಲುವುದಿಲ್ಲ; ಅದು ಮರಳಿ ಬಂದಾಗ, ಕೈಕಾಲು ತೊಳೆದು ಉಂಡು ತಾನಾಗಿ ಬಾಯಿಬಿಡುವವರೆಗೆ, ಅಲ್ಲಿ ಏನಾಯಿತೆಂದು ಕೇಳುವುದಿಲ್ಲ.