ನಂಬಿದವರ ತಪ್ಪೇನು?

ಕದ್ದವನನ್ನು ಬಯ್ಯುವ ಮೊದಲು ಕಳೆದುಕೊಂಡವರನ್ನು ಬಯ್ಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮನೆಗೆ ಕನ್ನ ಬಿದ್ದರೆ 'ಬೀಗ ಸರಿಯಾಗಿ ಹಾಕಿರಲಿಲ್ಲವೇ?' ಎನ್ನುತ್ತೇವೆ. ನಿವೃತ್ತ ಮೇಷ್ಟ್ರೊಬ್ಬರು ಫೋನಿನಲ್ಲಿ ಒಟಿಪಿ ಹೇಳಿ ಹಣ ಕಳೆದುಕೊಂಡರೆ 'ಓದಿದವರು, ಇಷ್ಟೂ ತಿಳಿಯಲಿಲ್ಲವೇ?' ಎನ್ನುತ್ತೇವೆ. ಈ ಪ್ರಶ್ನೆಯಲ್ಲಿ ನ್ಯಾಯ ಎಷ್ಟಿದೆ ಎಂದು ಯೋಚಿಸಬೇಕಾಗಿದೆ.

ಇಂದಿನ ಹಿರಿಯರು ಬೆಳೆದ ಕಾಲವನ್ನು ನೆನೆಯೋಣ. ಅಂಚೆಯವನು ಮನಿಯಾರ್ಡರ್ ಹಣವನ್ನು ಮನೆ ಬಾಗಿಲಲ್ಲಿ ಎಣಿಸಿ ಕೊಡುತ್ತಿದ್ದ. ಓದಲು ಬಾರದ ದಾದಿಮಾ ಅವರ ಅರ್ಜಿಯನ್ನು ಯಾರೋ ಅಪರಿಚಿತರು ತುಂಬಿ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಸರ್ಕಾರದ ಹೆಸರು ಹೇಳಿದವರಿಗೆ ಮರ್ಯಾದೆಯಿಂದ ಉತ್ತರಿಸುವುದು ಆ ತಲೆಮಾರಿನ ನಡತೆ. 'ಕೆವೈಸಿ ಮಾಡಿಸದಿದ್ದರೆ ಖಾತೆ ಬಂದ್ ಆಗುತ್ತದೆ', 'ಜೀವನ ಪ್ರಮಾಣಪತ್ರ ತಲುಪಿಲ್ಲ, ಪಿಂಚಣಿ ನಿಲ್ಲುತ್ತದೆ' ಎಂದು ಕರೆ ಮಾಡುವವನು ಈ ನಡತೆಯನ್ನೇ ಬಂಡವಾಳ ಮಾಡಿಕೊಳ್ಳುತ್ತಾನೆ. ಇನ್ನು 'ಡಿಜಿಟಲ್ ಅರೆಸ್ಟ್' ಎಂಬ ನಾಟಕ. ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೊ ಕರೆಯಲ್ಲಿ ಕಾಣಿಸಿಕೊಂಡವನು 'ನಿಮ್ಮ ಹೆಸರಿನಲ್ಲಿ ಮಾದಕ ವಸ್ತುವಿನ ಪಾರ್ಸೆಲ್ ಸಿಕ್ಕಿದೆ' ಎಂದು ಹೆದರಿಸಿ ದಿನಗಟ್ಟಲೆ ಪರದೆಯ ಮುಂದೆ ಕೂರಿಸುತ್ತಾನೆ. ಇಂಥ ಬಂಧನ ಕಾನೂನಿನಲ್ಲೇ ಇಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೊದಲ್ಲಿ ಹೇಳಬೇಕಾಯಿತು. ಹೆಸರಿನ ಕಾರಣಕ್ಕೇ ಸಂಶಯಕ್ಕೆ ಗುರಿಯಾದೇವೆಂಬ ಅಳುಕಿರುವ ಮನೆಗಳಲ್ಲಿ ಈ ಬೆದರಿಕೆ ಇನ್ನೂ ಬೇಗ ನಾಟುತ್ತದೆ.

ಇಲ್ಲಿ ಕಾನೂನಿನ ಮಾತೂ ಬರುತ್ತದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ, ಗುಟ್ಟಿನ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಟ್ಟದ್ದನ್ನು ಗ್ರಾಹಕನ ನಿರ್ಲಕ್ಷ್ಯವೆಂದು ಎಣಿಸಿತು. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು, ತಿಳಿಸಿದ ನಂತರದ್ದು ಬ್ಯಾಂಕಿನದು ಎಂದಿತು. ಬೆದರಿಸಿ ಕಸಿದುಕೊಂಡದ್ದನ್ನು ನಿರ್ಲಕ್ಷ್ಯ ಎನ್ನಬಹುದೇ ಎಂಬ ಚರ್ಚೆ ನಡೆಯಲಿ. ಸದ್ಯಕ್ಕೆ ಒಂದು ಮಾತು ಸ್ಪಷ್ಟ: ಎಷ್ಟು ಬೇಗ ಹೇಳಿದರೆ ಅಷ್ಟು ಉಳಿಯುತ್ತದೆ. 1930 ಎಂಬ ಸಹಾಯವಾಣಿ ಇರುವುದೂ ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಹಿಡಿಯಲಿಕ್ಕೆ.

ಆದರೆ ಹಿರಿಯರು ಹೇಳುವುದಿಲ್ಲ. ಏಕೆ? ವಂಚಕನಿಗಿಂತ ಹೆಚ್ಚಾಗಿ ಮಗನ ಸಿಟ್ಟಿಗೆ, ಸೊಸೆಯ ಮೌನಕ್ಕೆ, ಮೊಮ್ಮಕ್ಕಳ ನಗುವಿಗೆ ಹೆದರುತ್ತಾರೆ. ಹಜ್‌ಗೆಂದು ಕೂಡಿಟ್ಟದ್ದು ಹೋಯಿತೆಂದು ಅಬ್ಬಾ ಎರಡು ದಿನ ಬಾಯಿ ಬಿಡದಿದ್ದರೆ ಆ ಎರಡು ದಿನಗಳನ್ನು ವಂಚಕನಿಗೆ ದಾನ ಮಾಡಿದವರು ಮನೆಯವರೇ. ತಂದೆ ತಾಯಿಗೆ 'ಛೀ' ಎಂಬಷ್ಟು ಸಣ್ಣ ಮಾತನ್ನೂ ಆಡಬಾರದೆಂದು ಕುರ್‌ಆನ್ ವಿಧಿಸಿರುವುದು ನಮಗೆಲ್ಲ ಗೊತ್ತು. ಆ ಸಣ್ಣ ಮಾತಿನ ಬೆಲೆ ಎಷ್ಟೆಂಬುದು ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಹಾಗೆಂದು ಫೋನನ್ನೂ ಎಟಿಎಂ ಕಾರ್ಡನ್ನೂ ಅವರಿಂದ ಕಿತ್ತುಕೊಳ್ಳುವುದೇ? ಅದು ರಕ್ಷಣೆಯ ಹೆಸರಿನಲ್ಲಿ ಮಾಡುವ ಇನ್ನೊಂದು ಅಪಹರಣ. ದುಡಿದು ಗಳಿಸಿದವರಿಗೆ ತಮ್ಮ ಹಣದ ಮೇಲೆ ಹಕ್ಕಿದೆ. ಅವರಿಗೆ ಲೋಕವನ್ನೆಲ್ಲ ಶಂಕಿಸಲು ಕಲಿಸಬೇಕಾಗಿಯೂ ಇಲ್ಲ. ತಂದ ಸುದ್ದಿಯನ್ನು ಪರಿಶೀಲಿಸಿ ನೋಡಿ ಎಂಬ ಆದೇಶ ಹುಜುರಾತ್ ಅಧ್ಯಾಯದಲ್ಲಿದೆ. ವಿನಾಕಾರಣ ಸಂಶಯ ಪಡಬೇಡಿ ಎಂಬ ಆದೇಶವೂ ಅದೇ ಅಧ್ಯಾಯದಲ್ಲಿದೆ. ಪರಿಶೀಲನೆ ಬೇರೆ, ಸಂಶಯ ಬೇರೆ. 'ಮಾತು ನಡುವೆಯೇ ಫೋನ್ ಇಟ್ಟರೆ ಅಮರ್ಯಾದೆಯಾಗದು. ಪಾಸ್‌ಬುಕ್ಕಿನಲ್ಲಿರುವ ಸಂಖ್ಯೆಗೆ ನಾವೇ ಕರೆ ಮಾಡಿ ಕೇಳೋಣ. ಒಟಿಪಿ ಯಾರಿಗೂ ಹೇಳುವುದು ಬೇಡ' ಎಂದು ಮೆಲ್ಲಗೆ ಹೇಳಿಕೊಟ್ಟರೆ ಸಾಕು. ಮಸೀದಿಯಲ್ಲಿ ಶುಕ್ರವಾರದ ನಮಾಝಿನ ನಂತರ, ಮಹಿಳಾ ಸಂಘದ ಸಭೆಯಲ್ಲಿ ಈ ಮಾತಿಗೆ ಐದು ನಿಮಿಷ ಕೊಡಬಹುದು.

ಇನ್ನೊಂದು ಮಾತು. ದೋಚಿದ ಹಣ ಗಾಳಿಯಲ್ಲಿ ಹೋಗುವುದಿಲ್ಲ. ಅದು ಯಾವುದೋ ಖಾತೆಗೆ ಬೀಳಬೇಕು. ಸಾವಿರ ರೂಪಾಯಿಯ ಕಮಿಷನ್ನಿಗೆ ತನ್ನ ಖಾತೆಯನ್ನೂ ಸಿಮ್ ಕಾರ್ಡನ್ನೂ ಬಾಡಿಗೆಗೆ ಕೊಡುವ ಹುಡುಗರು ನಮ್ಮ ಬೀದಿಗಳಲ್ಲೇ ಇದ್ದಾರೆ. 'ನಾನೇನೂ ಕದ್ದಿಲ್ಲ' ಎಂದು ಅವರು ಸಮಾಧಾನಪಟ್ಟುಕೊಳ್ಳಬಹುದು. ಕಳ್ಳನಿಗೆ ಚೀಲ ಹಿಡಿದವನಿಗೂ ಲೆಕ್ಕ ಕೊಡುವುದಿದೆ. ಕಳೆದುಕೊಂಡ ಮುದುಕರನ್ನು 'ಏಕೆ ನಂಬಿದಿರಿ?' ಎಂದು ಕೇಳುವಷ್ಟು ಸಲೀಸಾಗಿ, ಹೊಸ ಬೈಕ್ ತಂದ ಮಗನನ್ನು 'ಈ ದುಡ್ಡು ಎಲ್ಲಿಂದ ಬಂತು?' ಎಂದು ಕೇಳುವ ಧೈರ್ಯ ನಮಗೆ ಬರಲಿ.